ಜೀಪನ್ನ ಎತ್ತರಿಸೋ ಮೊದಲು ಅವ್ವನ್ನ ಹತ್ತಿಸಿ ನೋಡಿ

ಕೊಬ್ಬರಿ ರೇಟು ಏರಿದ್ರೆ ನಮ್ಮ ಅರಸೀಕೆರೆ ಸೀಮೇಲಿ ಅದರ ಹಿಂದೆ ಇನ್ನೂ ಏನೇನೋ ಏರುತ್ತೆ. ಮೊದಲು ಬೋರ್‌ವೆಲ್ ಕೊರೆಸೋ ಅಡಿ ಏರುತ್ತೆ, ಆಮೇಲೆ ಮನೆ ಮೇಲೆ ಮನೆ ಏರುತ್ತೆ, ಈಗ ಹೊಸದಾಗಿ ಜೀಪು ಏರ್ತಿದೆ. 2024ರ ಶುರುವಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ಅಂತ ಇದ್ರೂ ಮಾರ್ಕೆಟ್ಟಲ್ಲಿ ಅಷ್ಟೂ ಹುಟ್ಟದೆ ಪರದಾಡಿದ್ವಿ. 2025ರಲ್ಲಿ ಅದೇ ಕೊಬ್ಬರಿ ದುಪ್ಪಟ್ಟಿನ ಆಸುಪಾಸಿಗೆ ಹೋಯ್ತು. ಸಾಲ ತೀರಿಸಿದವರು ತೀರಿಸಿದ್ರು. ಹುಡುಗರು ಮಾತ್ರ ಅಜ್ಜನ ಕಾಲದ ಜೀಪನ್ನ ಕೊಟ್ಟಿಗೆಯಿಂದ ಎಳೆದು ತಂದ್ರು. ಇಲ್ಲದವರು ಮಲೆನಾಡಿನ ಕಡೆಯಿಂದ ಒಂದು ಹಳೇ ಮಹೀಂದ್ರಾ ಹುಡುಕಿ ತಂದ್ರು. ನನಗೆ ಇದು ಖುಷಿಯ ವಿಷಯವೇ. ಗುಜರಿಗೆ ಹೋಗಬೇಕಿದ್ದ ಗಾಡಿ ಮತ್ತೆ ಹೊಲದ ದಾರಿ ಹತ್ತಿದ್ರೆ ಯಾರಿಗೆ ಬೇಜಾರು?

ಬೇಜಾರು ಅದಕ್ಕೆ ಮಾಡ್ತಿರೋ ಶೃಂಗಾರದ ಬಗ್ಗೆ. ನಾಲ್ಕು ಇಂಚು ಎತ್ತರ, ಎತ್ತಿನಗಾಡಿ ಚಕ್ರದಷ್ಟು ದೊಡ್ಡ ಟೈರು, ಮುಂದೆ ಕಬ್ಬಿಣದ ಬಂಪರು, ತಲೆ ಮೇಲೆ ದೀಪಗಳ ಸಾಲು. ಯಾಕಪ್ಪಾ ಅಂದ್ರೆ "ಫ್ಯಾಮಿಲಿ ಆಫ್‌ರೋಡಿಂಗ್‌ಗೆ ರೆಡಿ ಮಾಡಿಸ್ದೆ ಅಣ್ಣಾ" ಅಂತಾರೆ. ಸರಿ, ಫ್ಯಾಮಿಲಿಗೆ ಅಂದ ಮೇಲೆ ಒಂದು ಪರೀಕ್ಷೆ ಇದೆ. ಮನೇಲಿರೋ ಅವ್ವನ್ನ ಕರೆದು "ಹತ್ತವ್ವ" ಅನ್ನಿ. ಮಂಡಿ ನೋವಿರೋ ಎಪ್ಪತ್ತರ ಹೆಂಗಸು ಸೀರೆ ನೆರಿಗೆ ಎತ್ತಿಕೊಂಡು, ಒಬ್ಬರ ಭುಜ ಹಿಡಿದು, ಆ ಗಾಡಿ ಹತ್ತೋಕೆ ಆಗುತ್ತಾ? ಆಗದಿದ್ರೆ ಅದು ಫ್ಯಾಮಿಲಿ ಗಾಡಿ ಅಲ್ಲ, ನಿಮ್ಮೊಬ್ಬರ ಗಾಡಿ. ನನ್ನ ಅಭಿಪ್ರಾಯ ಇಷ್ಟೇ: ಮನೆ ಮಂದಿನ ಕೂರಿಸಿಕೊಂಡು ಹೊಲ, ಹಳ್ಳ, ಕೆರೆ ದಾರಿ ಸುತ್ತೋಕೆ ಹಳೇ ಜೀಪನ್ನ ದೊಡ್ಡದು ಮಾಡಬೇಕಾಗಿಲ್ಲ, ಫ್ಯಾಕ್ಟರಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿದ್ರೆ ಸಾಕು. ಅದೇ ಕಷ್ಟದ ಕೆಲಸ, ಅದಕ್ಕೇ ಯಾರೂ ಮಾಡಲ್ಲ.

ನಮ್ಮನೇದು ತೊಂಬತ್ತರ ದಶಕದ ಎಂಎಂ 540. ಪ್ಯೂಜೋ ತಂತ್ರಜ್ಞಾನದ 2112 ಸಿಸಿ ಡೀಸೆಲ್ ಎಂಜಿನ್ನು, ಹೊಸದಾಗಿದ್ದಾಗ ಅರವತ್ತು ಚಿಲ್ಲರೆ ಕುದುರೆ ಶಕ್ತಿ. ಈಗ ಅದರಲ್ಲಿ ಎಷ್ಟು ಕುದುರೆ ಬದುಕಿದಾವೋ ಎಣಿಸಿದವರಿಲ್ಲ. ಇಷ್ಟೇ ಶಕ್ತಿ ಇಟ್ಕೊಂಡು ಇದು ಗುಡ್ಡ ಹತ್ತೋದು ಹೇಗೆ? ಪಕ್ಕದಲ್ಲಿರೋ ಸಣ್ಣ ಲಿವರ್ ಕೆಲಸ ಅದು. ಲೋ ಗೇರಿಗೆ ಹಾಕಿದ್ರೆ ಗಾಲಿಗೆ ಹೋಗೋ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತೆ, ವೇಗ ಅಷ್ಟೇ ಕಮ್ಮಿಯಾಗುತ್ತೆ. ಮನುಷ್ಯ ನಡೆಯೋ ವೇಗದಲ್ಲಿ, ಆಕ್ಸಿಲರೇಟರ್ ಮುಟ್ಟದೇನೇ ಗಾಡಿ ತೆವಳಿಕೊಂಡು ಹತ್ತುತ್ತೆ. ಇಳಿಯೋವಾಗ ಬ್ರೇಕಿನ ಅರ್ಧ ಕೆಲಸ ಎಂಜಿನ್ನೇ ಮಾಡುತ್ತೆ. ಹಳೇ ಜೀಪಿನ ಮರ್ಯಾದೆ ಇರೋದೇ ಈ ನಿಧಾನದಲ್ಲಿ.

ಆದ್ರೆ ಎಷ್ಟು ಜೀಪಲ್ಲಿ ಈ ಲಿವರ್ ಕೆಲಸ ಮಾಡುತ್ತೆ? ಹತ್ತು ಹದಿನೈದು ವರ್ಷ ಯಾರೂ ಫೋರ್‌ವೀಲ್ ಹಾಕದೆ ತುಕ್ಕು ಹಿಡಿದು ಕೂತಿರುತ್ತೆ. ಮುಂದಿನ ಹಬ್ ಲಾಕು ತಿರುಗಲ್ಲ. ಕೆಲವರು ಮುಂದಿನ ಜಾಯಿಂಟ್ ಶಾಫ್ಟನ್ನೇ ಬಿಚ್ಚಿ ಗುಜರಿಗೆ ಹಾಕಿರ್ತಾರೆ, ಡೀಸೆಲ್ ಉಳಿಯುತ್ತೆ ಅಂತ. ಹಂಗಿರೋ ಗಾಡಿಗೆ ದೊಡ್ಡ ಟೈರು ಹಾಕಿದ್ರೆ ಅದು ಎತ್ತರದ ಟೂವೀಲ್ ಡ್ರೈವ್, ಅಷ್ಟೇ. ಮೊದಲ ದುಡ್ಡು ಹೋಗಬೇಕಾದ್ದು ಅಲ್ಲಿಗೆ: ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಹೌಸಿಂಗಿನ ಆಯಿಲ್ ಬದಲಾಯಿಸಿ, ಹಬ್ ಬಿಚ್ಚಿ ಗ್ರೀಸ್ ತುಂಬಿ, ತಿಂಗಳಿಗೊಂದು ಸಲ ಹೊಲದ ಮಣ್ಣಿನ ಮೇಲೆ ಫೋರ್‌ವೀಲ್ ಹಾಕಿ ಓಡಿಸಬೇಕು. ಮಣ್ಣಿನ ಮೇಲೆ ಅಂದೆ, ನೆನಪಿರಲಿ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಶಾಫ್ಟಿನ ನಡುವೆ ಡಿಫರೆನ್ಷಿಯಲ್ ಇರಲ್ಲ. ಒಣ ಟಾರು ರಸ್ತೇಲಿ ಫೋರ್‌ವೀಲ್ ಹಾಕಿ ತಿರುಗಿಸಿದ್ರೆ ಒಳಗೆಲ್ಲ ಬಿಗಿದುಕೊಂಡು ಕ್ರಾಸು, ಗೇರು ತಿಂದುಹಾಕುತ್ತೆ.

ಇನ್ನು ಎತ್ತರಿಸೋ ವಿಷಯ. ಕಮಾನಿನ ಕೆಳಗೆ ಉದ್ದದ ಶ್ಯಾಕಲ್ ಹಾಕೋದು, ಇಲ್ಲಾ ಎರಡು ಪ್ಲೇಟು ಸೇರಿಸೋದು, ಇದು ಎಲ್ಲಕ್ಕಿಂತ ಅಗ್ಗದ ದಾರಿ. ಪ್ಲೇಟು ಜಾಸ್ತಿ ಆದಷ್ಟೂ ಕಮಾನು ಬಿರುಸಾಗುತ್ತೆ. ಬಿರುಸಾದ ಕಮಾನು ಗುಂಡಿಗೆ ಗಾಲಿನ ಇಳಿಸಲ್ಲ, ಗಾಲಿ ನೆಲ ಬಿಟ್ಟು ಗಾಳೀಲಿ ತಿರುಗುತ್ತೆ. ಅಂದ್ರೆ ನೀವು ಆಫ್‌ರೋಡಿಗೆ ಅಂತ ಮಾಡಿಸಿದ್ದು ಆಫ್‌ರೋಡಿನಲ್ಲೇ ಕೈಕೊಡುತ್ತೆ. ಜೊತೆಗೆ ಜಾಯಿಂಟ್ ಶಾಫ್ಟಿನ ಕೋನ ಜಾಸ್ತಿಯಾಗಿ ಕ್ರಾಸು ಬೇಗ ಸವೆಯುತ್ತೆ. ನಮ್ಮ ಪಕ್ಕದೂರಿನ ಹುಡುಗನೊಬ್ಬನ ಗಾಡಿ ಜಾವಗಲ್ ಕಡೆ ಒಂದು ಏರಿನಲ್ಲಿ ಹಿಂದಿನ ಕ್ರಾಸು ಮುರಿದುಕೊಂಡು ನಿಂತುಬಿಡ್ತು. ಮುರಿದದ್ದು ದೊಡ್ಡದಲ್ಲ. ಬಹಳ ಹಳೇ ಮಾದರಿ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಇರೋದು ಗಾಲಿಯಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಅದೇ ಶಾಫ್ಟಿನ ಬುಡದಲ್ಲಿ. ಕ್ರಾಸು ಹೋಯ್ತು ಅಂದ್ರೆ ಎಂಜಿನ್ನಿನ ಹಿಡಿತಾನೂ ಹೋಯ್ತು, ಹ್ಯಾಂಡ್ ಬ್ರೇಕೂ ಹೋಯ್ತು. ಏರಿನ ಮೇಲೆ, ಹಿಂದೆ ಮಕ್ಕಳು ಕೂತಿರೋವಾಗ. ಅವನ ಕಾಲ್ಬ್ರೇಕು ಚೆನ್ನಾಗಿತ್ತು, ಗಾಲಿಗೆ ಕಲ್ಲು ಕೊಡೋಕೆ ಜನಾನೂ ಇದ್ರು. ನಿಮ್ಮದು ಆ ಮಾದರಿಯಾ ಅಂತ ಇವತ್ತೇ ಬಗ್ಗಿ ನೋಡಿ.

ಎತ್ತರ ಮಾಡಿದ ಗಾಡಿ ಅಡ್ಡ ಇಳಿಜಾರಿನಲ್ಲಿ ಬೇಗ ಮಗುಚುತ್ತೆ ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲಿನ ಲೋಡು ಹೊತ್ತ ಎತ್ತಿನಗಾಡಿ ಬದು ದಾಟಿಸಿದವರಿಗೆ ಅದು ಹೊಟ್ಟೇಲೇ ಗೊತ್ತಿರುತ್ತೆ.

ಟೈರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ದುಡ್ಡು ಜಾಸ್ತಿ ಹೋಗೋದೇ ಅಲ್ಲಿ. ಜೀಪಿನ ಮೂಲ ಟೈರು 6.00-16. ಎತ್ತರ 28-29 ಇಂಚು, ಅಗಲ ಕಮ್ಮಿ. ನೋಡೋಕೆ ಬಡಕಲು. ಆದ್ರೆ ನಮ್ಮ ಕಡೆ ನೆಲ ಎಂಥದ್ದು ಅಂತ ಯೋಚಿಸಿ. ಅರಸೀಕೆರೆ ಕಡೆ ಬಹುಪಾಲು ಕೆಂಪು ಗರಸು ನೆಲ. ಮಳೆ ಬಂದ್ರೆ ಮೇಲೆ ಎರಡು ಮೂರು ಇಂಚು ಕೆಸರು, ಕೆಳಗೆ ಗಟ್ಟಿ. ಕಿರಿದಾದ ಟೈರು ಆ ಕೆಸರನ್ನ ಸೀಳಿಕೊಂಡು ಗಟ್ಟಿ ನೆಲ ಹಿಡಿಯುತ್ತೆ. ಅಗಲದ ಟೈರು ಕೆಸರಿನ ಮೇಲೇ ತೇಲಿಕೊಂಡು ಜಾರುತ್ತೆ. ಅಗಲ ಬೇಕಾಗೋದು ಮರಳಿನಲ್ಲಿ, ಮರಳುಗಾಡಿನ ವಿಡಿಯೋ ನೋಡಿ ನಾವು ಟೈರು ತಂದ್ರೆ ಹೇಗೆ? ಇನ್ನು ಕೆರೆ ಅಂಗಳದ ಗೋಡು, ಎರೆ ಮಣ್ಣು. ಅದು ಹಸಿ ಇದ್ರೆ ಯಾವ ಟೈರಿಗೂ ಬಗ್ಗಲ್ಲ. ಅಲ್ಲಿ ಬುದ್ಧಿವಂತಿಕೆ ಅಂದ್ರೆ ವಾಪಸ್ ತಿರುಗೋದು, ಇಲ್ಲಾ ಫೆಬ್ರವರಿಗೆ ಬರೋದು.

31 ಇಂಚಿನ ಟೈರು ಹಾಕಿದ್ರೆ ಇನ್ನೊಂದು ಆಗುತ್ತೆ. ಗಾಲಿ ದೊಡ್ಡದಾದಷ್ಟೂ ಎಳೆತ ಕಮ್ಮಿ, ಬ್ರೇಕಿಗೆ ಭಾರ ಜಾಸ್ತಿ. ಲೋ ಗೇರಿನ ಲಾಭದಲ್ಲಿ ಒಂದು ಪಾಲನ್ನ ನೀವೇ ದುಡ್ಡು ಕೊಟ್ಟು ಕಳ್ಕೊಂಡಂಗೆ. ಸ್ಪೀಡೋಮೀಟರ್ ಐವತ್ತು ಅಂತ ತೋರಿಸೋವಾಗ ಗಾಡಿ ಅದಕ್ಕಿಂತ ಜೋರಾಗಿ ಹೋಗ್ತಿರುತ್ತೆ. ಅದರ ಬದಲು ಮೂಲ ಅಳತೆಯ ಐದು ಹೊಸ ಟೈರು, ಐದು ಹೊಸ ಟ್ಯೂಬು ಹಾಕಿಸಿ, ಜೊತೆಗೊಂದು ಗಾಳಿ ಅಳೆಯೋ ಮೀಟರು, ಒಂದು ಪಂಪು ಇಟ್ಕೊಳ್ಳಿ. ಊರ ದಾರಿಗೆ 26-28 ಇಡ್ತೀನಿ, ಕೆಸರಿಗೆ 20ರವರೆಗೆ ಇಳಿಸ್ತೀನಿ. ಟ್ಯೂಬಿರೋ ಟೈರಿಗೆ ಅದಕ್ಕಿಂತ ತೀರಾ ಇಳಿಸಿದ್ರೆ ರಿಮ್ಮಿನ ಮೇಲೆ ಟೈರು ಜಾರಿ ಟ್ಯೂಬಿನ ವಾಲ್ವು ಕಿತ್ತುಬರುತ್ತೆ. ಟಾರು ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಬೇಕು. ಮಕ್ಕಳಿಗೆ ಇದು ಇಷ್ಟದ ಕೆಲಸ, ಮಗಳು ಮೀಟರ್ ಹಿಡ್ಕೊಂಡೇ ಇಳೀತಾಳೆ.

ಬ್ರೇಕು. ನಮ್ಮದಕ್ಕೆ ನಾಲ್ಕೂ ಗಾಲಿಗೆ ಡ್ರಮ್ಮು. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಬ್ರೇಕು ಹಿಡಿಯಲ್ಲ. ದಾಟಿದ ಮೇಲೆ ನೂರು ಗಜ ಪೆಡಲ್ ಮೆಲ್ಲಗೆ ಒತ್ತಿಕೊಂಡೇ ಓಡಿಸಿ, ಬಿಸಿಗೆ ಒಣಗುತ್ತೆ. ಒಂದೇ ಲೈನಿನ ಮಾಸ್ಟರ್ ಸಿಲಿಂಡರ್ ಇರೋ ಹಳೇ ಗಾಡಿಯಾದ್ರೆ ಒಂದು ಗಾಲಿ ಹತ್ರ ಆಯಿಲ್ ಸೋರಿದ್ರೂ ನಾಲ್ಕೂ ಹೋದಂಗೆ. ಗಾಲಿ ಸಿಲಿಂಡರಿನ ರಬ್ಬರು, ಹೋಸು ಇವಕ್ಕೆಲ್ಲ ಖರ್ಚು ಮಾಡೋಕೆ ಜನ ಹಿಂದೆಮುಂದೆ ನೋಡ್ತಾರೆ, ಫೋಟೋದಲ್ಲಿ ಕಾಣಲ್ಲ ನೋಡಿ, ಅದಕ್ಕೆ. ಅದೇ ಸಾಲಿಗೆ ರೇಡಿಯೇಟರೂ ಸೇರುತ್ತೆ. ಲೋ ಗೇರಲ್ಲಿ ಎಂಜಿನ್ ಜೋರಾಗಿ ತಿರುಗುತ್ತೆ, ಗಾಡಿ ಮುಂದೆ ಹೋಗದೆ ಗಾಳಿ ಸಿಗಲ್ಲ. ಒಳಗಿನ ಕೊಳವೆ ಅರ್ಧ ಕಟ್ಟಿಕೊಂಡಿರೋ ರೇಡಿಯೇಟರು ಅಲ್ಲೇ ಕುದಿಯುತ್ತೆ. ಸ್ಟೇರಿಂಗಿನ ಆಟ, ಮುಂದಿನ ಬುಷ್ಷು, ವೈಪರು, ಹಾರ್ನು, ಇವು ಎಲ್ಲರಿಗೂ ಗೊತ್ತಿರೋದೇ, ಬಿಡ್ತೀನಿ.

ಈಗ ಸೀಟು. ಇದರ ಬಗ್ಗೆ ಬರೀಬೇಕು ಅಂತಲೇ ಇವತ್ತು ಕೂತಿದ್ದು.

ಹಳೇ ಜೀಪಿನ ಹಿಂದೆ ಎರಡು ಬೆಂಚು, ಎದುರುಬದುರು, ಬೆಲ್ಟಿಲ್ಲ. ನಾವೆಲ್ಲ ಅದರಲ್ಲೇ ಶಾಲೆಗೆ, ಜಾತ್ರೆಗೆ, ಮದುವೆಗೆ ಹೋದವರು. ಮಾಲೇಕಲ್ ತಿರುಪತಿ ತೇರಿಗೆ ಒಂದು ಜೀಪಲ್ಲಿ ಎಷ್ಟು ಜನ ಹೋಗ್ತಿದ್ರು ಅಂತ ಹೇಳಿದ್ರೆ ಈಗಿನವರು ನಂಬಲ್ಲ. "ನಮಗೇನೂ ಆಗಲಿಲ್ಲವಲ್ಲ" ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಏನೂ ಆಗದವರು ಮಾತಾಡೋಕೆ ಉಳಿದಿದೀವಿ, ಅಷ್ಟೇ ಅದರ ಅರ್ಥ. ಪಕ್ಕಕ್ಕೆ ಮುಖ ಮಾಡಿ ಕೂತ ಮಗು, ಗಾಡಿ ಗಕ್ಕಂತ ನಿಂತಾಗ ಮುಂದಿರೋ ಕಬ್ಬಿಣಕ್ಕೆ ಹೋಗಿ ಹೊಡೆಯುತ್ತೆ, ಇಲ್ಲಾ ಹಿಂದಿನ ಬಾಗಿಲಿನಿಂದ ಆಚೆಗೆ. ಸೊಂಟದ ಬೆಲ್ಟು ಹಾಕಿದ್ರೂ ಪಕ್ಕಕ್ಕೆ ತಿರುಗಿ ಕೂತವರಿಗೆ ಅದು ಪೂರ್ತಿ ರಕ್ಷಣೆ ಅಲ್ಲ. ಇದಕ್ಕೆ ರೋಲ್ ಕೇಜ್ ಉತ್ತರ ಅಂತ ಹುಡುಗರು ಹೇಳ್ತಾರೆ. ಹೆಲ್ಮೆಟ್ಟು, ಸರಿಯಾದ ಬೆಲ್ಟು ಇಲ್ಲದೆ ತಲೆಯಿಂದ ಒಂದು ಗೇಣು ದೂರದಲ್ಲಿ ಕಬ್ಬಿಣದ ಪೈಪು ಇಡೋದು ರಕ್ಷಣೆಯಾ? ರೇಸಿನವರದ್ದು ರೇಸಿಗೆ, ಅವರಿಗೆ ಹೆಲ್ಮೆಟ್ಟಿರುತ್ತೆ.

ಹಿಂದಿನ ಸೀಟನ್ನ ಮುಂದಕ್ಕೆ ತಿರುಗಿಸಿ ಬೆಲ್ಟು ಹಾಕಿಸಬೇಕು ಅಂದ್ರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಬರಹದಲ್ಲಿ ಸಿಕ್ಕರೆ ಮಾತ್ರ ಕೈ ಹಾಕಿ. ಸೀಟಿನ ಲೆಕ್ಕ ಆರ್‌ಸಿಯಲ್ಲಿರುತ್ತೆ. ಬೆಲ್ಟಿನ ಬೋಲ್ಟನ್ನ ಬರೀ ತಗಡಿಗೆ ಬಿಗಿದ್ರೆ ಎಳೆತಕ್ಕೆ ತಗಡಿನ ಸಮೇತ ಕಿತ್ತುಬರುತ್ತೆ, ಕೆಳಗೆ ದಪ್ಪ ಪ್ಲೇಟು ಕೊಟ್ಟು ಚಾಸಿಗೆ ಸೇರಿಸಿ ಕೂರಿಸಬೇಕು. ಅದಾಗೋವರೆಗೆ ನಮ್ಮನೇಲಿ ಇರೋ ಕಟ್ಟುಪಾಡು ಇದು: ಹೈವೇಲಿ, ಟಾರು ರಸ್ತೇಲಿ ಹಿಂದಿನ ಬೆಂಚಲ್ಲಿ ಯಾರೂ ಕೂರಂಗಿಲ್ಲ. ಬೇಲೂರಿಗೋ ಹಳೇಬೀಡಿಗೋ ನೆಂಟರ ಮನೆಗೆ ಹೋದ್ರೆ ಜೀಪಲ್ಲಿ ನಾವಿಬ್ಬರು ಬೆಲ್ಟು ಹಾಕಿ ಮುಂದೆ, ಮಿಕ್ಕವರು ಭಾಮೈದನ ಕಾರಲ್ಲಿ, ಇಲ್ಲಾ ಬಸ್ಸಲ್ಲಿ. ಮಣ್ಣಿನ ದಾರಿ ಶುರುವಾದ ಮೇಲೆ ಎಲ್ಲರೂ ಜೀಪಿಗೆ. ಅಲ್ಲಿ ವೇಗ ನಡಿಗೆಯಷ್ಟೇ. ಹಿಂದಿನ ಬಾಗಿಲಿಗೆ ಚಿಲಕದ ಜೊತೆ ಸರಪಣಿ. ಹಳ್ಳ, ಕಡಿದಾದ ಏರು, ಅಡ್ಡ ಇಳಿಜಾರು ಬಂದ್ರೆ ಎಲ್ಲರೂ ಇಳಿದು ನಡೀಬೇಕು. ಮೊದಮೊದಲು ಮನೆಯವಳು "ನಡೆಯೋಕಾದ್ರೆ ಜೀಪ್ಯಾಕೆ" ಅಂದಳು. ಈಗ ಅವಳೇ ಮುಂದೆ ಹೋಗಿ ಕೈಸನ್ನೆಯಲ್ಲಿ ದಾರಿ ತೋರಿಸ್ತಾಳೆ, ನನಗಿಂತ ಚೆನ್ನಾಗಿ ಗಾಲಿ ಸಾಲು ಗೊತ್ತು ಅವಳಿಗೆ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಿಸಿದ ಕಂಪನಿ ಹೇಳಿದ್ದಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸೋ ಹಂಗಿಲ್ಲ. ಕೇರಳದಿಂದ ಹೋದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲಾ ಆರು ತಿಂಗಳವರೆಗೆ ಸಜೆ, ಇಲ್ಲಾ ಎರಡೂ ಅಂತ ಸೇರಿಸಿದ್ರು. ಕಬ್ಬಿಣದ ಬಂಪರಿನ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಇದರ ಮೇಲೆ ಹಳೇ ಗಾಡಿಯ ಮರುನೋಂದಣಿ. ಹದಿನೈದು ವರ್ಷ ದಾಟಿದ ಕಾರು ಜೀಪಿಗೆ 2022ರ ಏಪ್ರಿಲಿನಿಂದ ಶುಲ್ಕ 600ರಿಂದ 5,000 ಆಯ್ತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದ್ರು. ಇಷ್ಟು ದುಡ್ಡು ಕಟ್ಟಿ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸೋವಾಗ, ಮೂಲ ರೂಪದಲ್ಲಿದ್ದರೆ ಎದೆ ಹೊಡ್ಕೊಳ್ಳಲ್ಲ. ಅದಕ್ಕಿಂತ ಮುಖ್ಯ ಇನ್ಶೂರೆನ್ಸು. ಅಪಘಾತ ಆಗಿ ಯಾರಿಗಾದ್ರೂ ಏನಾದ್ರೂ ಆದಾಗ "ಗಾಡಿ ಬದಲಾಯಿಸಿದೀರಿ" ಅಂತ ತಕರಾರು ಎದ್ದರೆ ತೋಟದ ಪಹಣಿ ಹಿಡ್ಕೊಂಡು ಓಡಾಡಬೇಕಾಗುತ್ತೆ. ಕಾನೂನು ಎಲ್ಲದರಲ್ಲೂ ಸರಿ ಇದೆ ಅಂತ ನಾನು ಹೇಳಲ್ಲ. ಒಂದು ಹಳೇ ಗಾಡಿಗೆ ಬೆಲ್ಟು ಹಾಕಿಸೋ ರೈತನನ್ನೂ, ನಾಲ್ಕಡಿ ಎತ್ತರಿಸೋ ಷೋಕಿಯವನನ್ನೂ ಒಂದೇ ಸಾಲಲ್ಲಿ ನಿಲ್ಲಿಸೋದು ನ್ಯಾಯ ಅಲ್ಲ. ಸುರಕ್ಷತೆಗೆ ಅಂತ ಮಾಡೋ ಬದಲಾವಣೆಗೆ ಸುಲಭದ ದಾರಿ ಮಾಡಿಕೊಡಬೇಕು.

ಸಿಕ್ಕಿಹಾಕ್ಕೊಂಡ್ರೆ ಏನು ಮಾಡೋದು? ವಿಂಚ್ ಬೇಡ. ನಮ್ಮ ಕಡೆ ಎಲ್ಲಿ ಸಿಕ್ಕಿಕೊಂಡ್ರೂ ಒಂದು ಮೈಲಿಯೊಳಗೆ ಟ್ರ್ಯಾಕ್ಟರ್ ಇರುತ್ತೆ, ಅದರ ಯಜಮಾನನಿಗೆ ಒಂದು ಟೀ ಕುಡಿಸಿದ್ರೆ ಸಾಕು. ಆದ್ರೆ ಎಳೆಯೋ ರೀತಿ ಸರಿ ಇರಬೇಕು. ಒಳ್ಳೆ ದಪ್ಪದ ಹಗ್ಗ ಅಥವಾ ಬೆಲ್ಟು ನಿಮ್ಮ ಗಾಡೀಲೇ ಇರಲಿ. ಹಳೇ ಬೋರ್‌ವೆಲ್ಲಿನ ತಂತಿ ಹಗ್ಗ, ಸರಪಣಿ ಮುಟ್ಟಬೇಡಿ, ಕಿತ್ತುಬಂದ್ರೆ ಕಾಲು ಕತ್ತರಿಸುತ್ತೆ. ಟ್ರ್ಯಾಕ್ಟರಿಗೆ ಕಟ್ಟೋವಾಗ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಜಗ್ಗಿದ್ರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತೆ, ಡ್ರೈವರ್ ಅಡಿಗೆ ಹೋಗ್ತಾನೆ. ಹಗ್ಗದ ನಡುವೆ ಒಂದು ಒದ್ದೆ ಗೋಣಿಚೀಲ ಹಾಕಿ, ಮಕ್ಕಳನ್ನ ಹಗ್ಗದ ಉದ್ದಕ್ಕಿಂತ ಆಚೆ ನಿಲ್ಲಿಸಿ. ನೀರಿಗಿಳಿಯೋ ಮೊದಲು ಯಾರಾದ್ರೂ ಕೋಲು ಹಿಡಿದು ನಡೆದು ನೋಡಬೇಕು. ಎಂಜಿನ್ನಿನ ಉಸಿರಿಗೆ ನೀರು ಹೋದ್ರೆ ಕನೆಕ್ಟಿಂಗ್ ರಾಡು ಬಾಗುತ್ತೆ, ಆಮೇಲೆ ಮಾತಿಲ್ಲ. ಮನೆಗೆ ಬಂದು ಹೌಸಿಂಗಿನ ಆಯಿಲ್ ನೋಡಿ. ಹಾಲು ಹಾಕಿದ ಟೀ ಬಣ್ಣ ಇದ್ರೆ ನೀರು ಸೇರಿದೆ, ಅವತ್ತೇ ಬದಲಾಯಿಸಿ.

ಜಿಪ್ಸಿ ತಗೊಳ್ಳಲಾ ಜೀಪ್ ತಗೊಳ್ಳಲಾ ಅಂತ ಕೇಳೋರಿಗೆ: ಜಿಪ್ಸಿ ಹಗುರ, ಪೆಟ್ರೋಲು, ಮಣ್ಣಲ್ಲಿ ಬೆಕ್ಕಿನ ಹಾಗೆ ಹೋಗುತ್ತೆ. ಜೀಪು ಭಾರ, ಡೀಸೆಲ್ಲು, ಊರ ಮೇಸ್ತ್ರಿಗೆ ಕಣ್ಣುಮುಚ್ಚಿ ಬಿಚ್ಚೋಕೆ ಬರುತ್ತೆ. ಎರಡಕ್ಕೂ ಮೇಲೆ ಬರೆದದ್ದೆಲ್ಲ ಅನ್ವಯ. ಕಾಗದ ಸರಿ ಇರೋದನ್ನ ತಗೊಳ್ಳಿ, ಬಣ್ಣ ನೋಡಬೇಡಿ.

ಕೊನೇದಾಗಿ ಎಲ್ಲಿ ಓಡಿಸೋದು ಅನ್ನೋ ಪ್ರಶ್ನೆ, ಇಲ್ಲಿ ನನಗೆ ಕೋಪವೇ ಇದೆ. ಅರಸೀಕೆರೆ ಸೀಮೆಯ ಗುಡ್ಡಕಾಡಿನ ಒಂದು ಭಾಗವನ್ನ ಸರ್ಕಾರ ಕರಡಿಗಳಿಗಾಗಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದೆ. ಅಲ್ಲಿ ಗಾಡಿ ಹತ್ತಿಸಿ ರೀಲು ಮಾಡೋದು ಸಾಹಸ ಅಲ್ಲ. ಅಮೃತ್ ಮಹಲ್ ಕಾವಲುಗಳು ಖಾಲಿ ಜಾಗ ಅಂತ ತಿಳ್ಕೊಂಡವರಿದಾರೆ. ಬೇಸಿಗೇಲಿ ಟಿಟ್ಟಿಭ, ನೆಲಗುಬ್ಬಿ ಮೊಟ್ಟೆ ಇಡೋದು ಆ ಬರೀ ನೆಲದ ಮೇಲೇ, ನಿಮ್ಮ ಗಾಲಿ ಅಡಿಗೆ. ಬೇಲೂರು ದಾಟಿ ಪಡುವಣಕ್ಕೆ ಹೋದ್ರೆ ಹುಲ್ಲುಗುಡ್ಡಗಳು. ಮುಂಗಾರಿಗೆ ಮೊದಲು ಎಳೆದ ಎರಡು ಗಾಲಿ ಗೆರೆ, ಅಲ್ಲಿನ ಮಳೆಗೆ ಎರಡೇ ವರ್ಷದಲ್ಲಿ ಕೊರಕಲಾಗುತ್ತೆ. ಕೆರೆ ಏರಿ ಮೇಲೂ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ. ಏರಿ ಕುಸಿದ್ರೆ ಕೆಳಗಿನ ತೋಟಗಳಿಗೆ ಯಾರು ಜವಾಬ್ದಾರಿ?

ಹಾಗಾದ್ರೆ ಏನು ಉಳೀತು ಅಂತೀರಾ? ಬೇಕಾದಷ್ಟಿದೆ. ನಕಾಶೆಯಲ್ಲಿರೋ ಬಂಡಿದಾರಿಗಳಿವೆ, ಅರ್ಧ ಮುಳ್ಳು ಬೆಳೆದು ಮುಚ್ಚಿವೆ, ಓಡಾಡಿದಷ್ಟೂ ಉಳಿಯುತ್ತವೆ. ನಮ್ಮೂರಿಂದ ಜಾವಗಲ್ ಮೇಲೆ ಹಳೇಬೀಡಿಗೆ ಟಾರು ಬಿಟ್ಟು ಆದಷ್ಟೂ ಬಂಡಿದಾರೀಲೇ ಹೋದ್ರೆ ಒಂದು ಪೂರ್ತಿ ದಿನ ಬೇಕು. ಯಾರ ಹೊಲದಂಚಿಗೆ ಬರ್ತೀವೋ ಅವರನ್ನ ಕೇಳಿಕೊಂಡು, ರಾಗಿ ಕೊಯ್ಲಾದ ಮೇಲೆ. ಬುತ್ತಿ ಕಟ್ಟಿಕೊಂಡು ಹೋಗಿ, ಪುಷ್ಪಗಿರಿಯ ಬುಡದಲ್ಲಿ ಉಂಡು, ದೋರಸಮುದ್ರದ ಕೆರೆ ನೋಡಿ ಬರೋದು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹಳೇಬೀಡಿನ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸೋಕೆ ಜಾಗ ಹುಡುಕೋದೇ ಆ ದಿನದ ಕಷ್ಟದ ಆಫ್‌ರೋಡು. ಹೋದ ಸಲ ಅವ್ವ ಆರು ಸಲ ಹತ್ತಿ ಇಳಿದಳು, ಪಕ್ಕದಲ್ಲಿ ಒಂದು ಮೆಟ್ಟಿಲು ಬೆಸುಗೆ ಹಾಕಿಸು ಅಂದಳು. ಬೆಸುಗೆ ಬೇಡ ಅಂತ ಮರದ ಮಣೆಯೊಂದನ್ನ ಗಾಡೀಲಿ ಇಟ್ಕೊಂಡಿದೀವಿ, ಇಳಿಯೋವಾಗ ಕೆಳಗೆ ಹಾಕೋದು.

ಮುಂದಿನ ವಾರ ಮುಂದಿನ ಹಬ್ ಬೇರಿಂಗ್ ಬಿಚ್ಚಿಸ್ತಿದೀನಿ. ಗ್ರೀಸ್ ಎಂಥಾ ಸ್ಥಿತೀಲಿದೆ ಅಂತ ಫೋಟೋ ಹಾಕ್ತೀನಿ. ಬೇಲೂರು ಕಡೆ ಹಳೇ ಜೀಪಿನ ಕಮಾನನ್ನ ಮೂಲ ಬಾಗಿಗೆ ಸರಿಯಾಗಿ ಹೊಡೆದುಕೊಡೋ ಕುಲುಮೆ ಇನ್ನೂ ಇದ್ರೆ ಯಾರಾದ್ರೂ ತಿಳಿಸಿ, ನಮ್ಮದು ಎಡಕ್ಕೆ ಒಂದು ಬೆರಳು ಕೂತಿದೆ.